ಸವೆದ ಮುಖದ ಸಂಸ್ಕಾರ

ಮದುವೆಯ ದಿನ ವರನ ಮುಂಗೈಗೆ ಮಾವನ ಮನೆಯವರು ಕಟ್ಟಿದ, ಆಮೇಲೆ ಹಲವು ದಶಕಗಳ ಕಾಲ ಹೊಲದ ಧೂಳನ್ನೂ ಬೇಸಗೆಯ ಬೆವರನ್ನೂ ಮಳೆಗಾಲದ ತೇವವನ್ನೂ ಸಹಿಸಿದ ಕೈಗಡಿಯಾರವೊಂದನ್ನು, ಅದನ್ನು ಕಟ್ಟಿಕೊಂಡಿದ್ದ ತಂದೆ ಕಾಲವಾದ ತರುವಾಯ ಮಗನು ಪೆಟ್ಟಿಗೆಯಿಂದ ತೆಗೆದು, ಚಿತ್ರದುರ್ಗದ ಪೇಟೆಯಲ್ಲಿ ವಾಚು ರಿಪೇರಿಯವರ ಮುಂದಿರಿಸಿ, ಡಯಲು ಹೊಸದರಂತಾಗಬೇಕೆಂದು ಕೇಳುವುದುಂಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಂದ ಬರುವ ಇಂಥ ಗಡಿಯಾರ ಎಚ್‌ಎಂಟಿಯದಾಗಿರುವುದೇ ಹೆಚ್ಚು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ತುಮಕೂರಿಗೂ ವಿಸ್ತರಿಸಿದ ಆ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತಾದುದರಿಂದ, ಹಾಳಾದ ಡಯಲಿಗೆ ಪ್ರತಿಯಾಗಿ ಕಾರ್ಖಾನೆಯಿಂದ ಇನ್ನೊಂದನ್ನು ತರಿಸುವ ಮಾರ್ಗ ಈಗ ಬಹುಮಟ್ಟಿಗೆ ಇಲ್ಲ. ಉಳಿದಿರುವುವು ಎರಡೇ ದಾರಿಗಳು: ಇರುವುದನ್ನು ಒರೆಸುವುದು, ಇಲ್ಲವೆ ಅದರ ಮೇಲೆ ಹೊಸದಾಗಿ ಬರೆಸುವುದು. ಇವೆರಡರಲ್ಲಿ ಯಾವುದನ್ನು ಆರಿಸತಕ್ಕದ್ದೆಂಬುದು ಮೇಲುನೋಟಕ್ಕೆ ಕೈಕೆಲಸದ ಪ್ರಶ್ನೆಯಾಗಿ ಕಂಡರೂ, ಅದರ ಬೇರು ಧರ್ಮವಿಚಾರದಲ್ಲಿದೆಯೆಂದೇ ನನ್ನ ಭಾವನೆ.

ಡಯಲೆಂಬುದು ತೆಳುವಾದ ಒಂದು ಹಿತ್ತಾಳೆಯ ತಗಡು. ಅದಕ್ಕೆ ಬೆಳ್ಳಿಯ ಮುಲಾಮು ಅಥವಾ ಬಣ್ಣದ ಲೇಪ. ಅದರ ಮೇಲೆ ಮುದ್ರೆಯೊತ್ತಿದ ಅಂಕೆಗಳು, ಗೆರೆಗಳು, ಹೆಸರು. ಎಲ್ಲಕ್ಕೂ ಮೇಲೆ ಕೂದಲೆಳೆಗಿಂತ ತೆಳುವಾದ ಪಾರದರ್ಶಕ ಅರಗಿನ ಪದರ. ಬಿಸಿಲಿಗೆ ಈ ಅರಗು ಹಳದಿಗಟ್ಟುತ್ತದೆ. ಗಾಜಿನ ಅಂಚಿನಿಂದಲೋ ಕೀ ಕೊಡುವ ತಿರುಪಿನ ಸಂದಿನಿಂದಲೋ ಒಳನುಗ್ಗಿದ ತೇವದಿಂದ ಅದು ಬಿರಿದು, ಕೆಳಗಿನ ಲೋಹಕ್ಕೆ ಕಲೆ ಹತ್ತುತ್ತದೆ. ಬಲ್ಲ ಕೆಲಸಗಾರನು ಮೊದಲು ಮುಳ್ಳುಗಳನ್ನು ಕಿತ್ತು, ಡಯಲನ್ನು ಅಂಚಿನಲ್ಲಿ ಹಿಡಿದು, ಊದಿ, ಮೆತ್ತನೆಯ ಕುಂಚದಿಂದ ಸವರಿ, ಅಂಟುಮೇಣವನ್ನು ಒತ್ತಿ ಧೂಳನ್ನೆತ್ತಿ, ಅಲ್ಲಿಗೇ ಎಷ್ಟೋ ವೇಳೆ ಕೈ ತಡೆಯುತ್ತಾನೆ. ಏಕೆಂದರೆ ನೀರು ಸೋಕಿದರೂ ಅರಗಿನೊಡನೆ ಅಂಕೆಗಳೂ ಎದ್ದುಬರಬಹುದೆಂಬುದನ್ನು ಅವನು ಬಲ್ಲನು. ಕುಲುಮೆಯಲ್ಲಿ ಬೆಂದ ಎನಾಮೆಲಿನ ಡಯಲಾದರೆ ಸಾಬೂನಿನ ನೀರಿಗೂ ಅಂಜದು. ಮುದ್ರೆಯೊತ್ತಿದ ಡಯಲಿಗೆ ಆ ಭಾಗ್ಯವಿಲ್ಲ.

ಶಂಕರಾಚಾರ್ಯರು ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರಕ್ಕೆ ಭಾಷ್ಯ ಬರೆಯುವಾಗ, ಮೋಕ್ಷವು ಸಂಸ್ಕಾರದಿಂದ ಸಿದ್ಧಿಸತಕ್ಕದ್ದೇ ಎಂಬ ಪ್ರಶ್ನೆಯನ್ನೆತ್ತಿ, ಸಂಸ್ಕಾರವು ಇಲ್ಲದ ಗುಣವನ್ನು ಸೇರಿಸುವುದರಿಂದಾಗಬೇಕು, ಇಲ್ಲವೆ ಇರುವ ದೋಷವನ್ನು ಕಳೆಯುವುದರಿಂದಾಗಬೇಕು ಎಂದು ವಿಭಾಗಿಸುತ್ತಾರೆ. ಒರೆಸುವುದಕ್ಕೂ ಬರೆಸುವುದಕ್ಕೂ ಇರುವ ಭೇದ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ನಿರೂಪಿತವಾಗಿರುವುದನ್ನು ನಾನು ಕಾಣೆನು. ಉಜ್ಜಿದ ಕನ್ನಡಿಯಲ್ಲಿ ಅದರದೇ ಹೊಳಪು ತೋರುವಂತೆ ಆತ್ಮದಲ್ಲಿಯೂ ಆಗಬಾರದೇಕೆ ಎಂಬ ಪೂರ್ವಪಕ್ಷಕ್ಕೆ ಅವರು ಕೊಡುವ ಉತ್ತರ ಇನ್ನೂ ಗಂಭೀರವಾದುದು: ಕ್ರಿಯೆಯು ಯಾವುದನ್ನು ಆಶ್ರಯಿಸುತ್ತದೆಯೋ ಅದನ್ನು ವಿಕಾರಗೊಳಿಸದೆ ಇರಲಾರದು, ಆತ್ಮವು ಅವಿಕಾರಿಯಾದುದರಿಂದ ಉಜ್ಜುವ ಮಾತು ಅಲ್ಲಿ ಸಲ್ಲದು. ಆತ್ಮದ ವಿಷಯದಲ್ಲಿ ಈ ಮಾತು ಅಭಯವನ್ನೀಯುತ್ತದೆ. ಲೋಕದ ವಸ್ತುಗಳ ವಿಷಯದಲ್ಲಿ ಎಚ್ಚರಿಕೆಯನ್ನೀಯುತ್ತದೆ. ಕೇವಲ ಕೊಳೆಯನ್ನೇ ತೆಗೆದೆವೆಂದು ನಾವು ಹೇಳಿಕೊಂಡರೂ, ಕೊಳೆಯೊಡನೆ ವಸ್ತುವಿನ ಅಂಶವೂ ಸ್ವಲ್ಪ ಹೋಗಿಯೇ ಇರುತ್ತದೆ. ಒರೆಸುವವನಿಗೇ ಇಷ್ಟು ಭಯವಿರಬೇಕಾದಲ್ಲಿ, ಬರೆಯುವವನಿಗೆ ಇನ್ನೆಷ್ಟಿರಬೇಡ!

ಈ ಭಯದ ಬೆಲೆಯನ್ನು ತಿಳಿಯಬೇಕಾದವರು ಚಿತ್ರದುರ್ಗದ ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ, ಕದಂಬರ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದುದನ್ನು ಹೇಳುವ ಪ್ರಾಕೃತ ಶಾಸನವಿದೆ. ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರು ಬಹುವಾಗಿ ಸವೆದಿದ್ದ ಆ ಅಕ್ಷರಗಳನ್ನು ಪರಿಶ್ರಮದಿಂದ ಓದಿ, ಮಯೂರಶರ್ಮನು ಗೆದ್ದ ರಾಜ್ಯಗಳ ದೊಡ್ಡದೊಂದು ಪಟ್ಟಿಯನ್ನೇ ಅದರಲ್ಲಿ ಕಂಡರು. ಆದರೆ ಅವರ ಅನಂತರದ ವಿದ್ವಾಂಸರು ಅದೇ ಗೆರೆಗಳನ್ನು ಬೇರೆ ರೀತಿಯಾಗಿ ಓದಿ ಆ ಪಟ್ಟಿಯನ್ನು ಸಂದೇಹಿಸಿದರು. ಶಾಸನದ ಮೇಲಿನ ಭಕ್ತಿಯಿಂದಲೇ ಯಾವನಾದರೂ ಒಬ್ಬನು ಮೊದಲನೆಯ ಪಾಠವನ್ನನುಸರಿಸಿ ಉಳಿಯಿಂದ ಅಕ್ಷರಗಳನ್ನು ಮತ್ತೆ ಕೆತ್ತಿ ಸ್ಫುಟಗೊಳಿಸಿದ್ದನೆಂದು ಭಾವಿಸಿರಿ. ಶಾಸನ ಸುಂದರವಾಗಿರುತ್ತಿತ್ತು, ಹಳ್ಳಿಯ ಬಾಲಕನೂ ಅದರ ಗೆರೆಗಳನ್ನು ಬೆರಳಿಟ್ಟು ತೋರಬಹುದಿತ್ತು, ಆದರೆ ಎರಡನೆಯ ಓದು ಎಂದೆಂದಿಗೂ ಅಸಾಧ್ಯವಾಗುತ್ತಿತ್ತು. ಸವೆತವು ನಮಗೆ ಕೊಟ್ಟಿದ್ದ ಸಂದೇಹವನ್ನು ನಮ್ಮಿಂದ ಕಿತ್ತುಕೊಂಡು, ಒಬ್ಬನ ಊಹೆಯನ್ನು ಮಯೂರಶರ್ಮನ ಬಾಯಲ್ಲಿ ಶಾಶ್ವತವಾಗಿ ಇರಿಸಿದಂತಾಗುತ್ತಿತ್ತು. ಸವೆದ ವಸ್ತು ಸಾಕ್ಷಿಯಾಗಿರುವಲ್ಲೆಲ್ಲ ಅದರ ಮೌನವೂ ಸಾಕ್ಷ್ಯದ ಒಂದು ಭಾಗವೇ.

ಹಾಗಾದರೆ ನಮ್ಮ ಆಗಮಗಳು ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ಏಕೆ ವಿಧಿಸಿದುವೆಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಹೊಳಲ್ಕೆರೆಯ ಬಯಲು ಗಣಪತಿಯಂತೆ ಮಳೆ ಬಿಸಿಲುಗಳಿಗೆ ಮೈಯೊಡ್ಡಿದ ಮೂರ್ತಿಯೇ ಆಗಲಿ, ಗರ್ಭಗುಡಿಯಲ್ಲಿ ನಿತ್ಯ ಅಭಿಷೇಕಕ್ಕೆ ಒಳಗಾಗುವ ಮೂರ್ತಿಯೇ ಆಗಲಿ, ಶಿಲೆಯೆಂದ ಮೇಲೆ ಸವೆತ ತಪ್ಪಿದ್ದಲ್ಲ. ಮೂರ್ತಿಯು ಜೀರ್ಣವಾದಾಗ ಅದರ ಕಲೆಯನ್ನು, ಎಂದರೆ ದೈವಶಕ್ತಿಯನ್ನು, ಕುಂಭದಲ್ಲಿ ಆಕರ್ಷಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ನೆಲೆಗೊಳಿಸಿ, ಕೆಲಸ ಮುಗಿದ ಮೇಲೆ ಪುನಃ ಪ್ರತಿಷ್ಠಾಪಿಸುವ ವಿಧಿ ಸಣ್ಣದಲ್ಲ. ವೀರಶೈವರ ಇಷ್ಟಲಿಂಗದಲ್ಲಿಯೂ ಒಳಗಿನ ಶಿಲೆಯನ್ನು ಆವರಿಸಿ ಕಾಪಾಡುವ ಕಪ್ಪು ಲೇಪವೊಂದಿದೆ; ಲೇಪವನ್ನು ನವೀಕರಿಸಿದರೆ ಲಿಂಗವು ಬೇರೆಯಾಯಿತೆಂದು ಯಾವ ಭಕ್ತನೂ ಭಾವಿಸುವುದಿಲ್ಲ. ಇಲ್ಲಿ ನಾನು ಕಾಣುವ ಸಮಾಧಾನ ಇದು: ಆರಾಧನೆಯು ಮೂರ್ತಿಯನ್ನು ಹಿಂದೆ ಏನಾಗಿತ್ತೆಂದು ಪ್ರಶ್ನಿಸುವುದಿಲ್ಲ, ಈಗ ಎದುರಿಗಿರುವ ಸಾನ್ನಿಧ್ಯವನ್ನು ಬೇಡುತ್ತದೆ. ಅದಕ್ಕಿಂತಲೂ ಮುಖ್ಯವಾದುದು, ಜೀರ್ಣೋದ್ಧಾರವು ಕದ್ದು ನಡೆಯತಕ್ಕದ್ದಲ್ಲ. ಊರೆಲ್ಲ ಕೂಡಿ, ಮುಹೂರ್ತವಿಟ್ಟು, ಮಂತ್ರಘೋಷದೊಡನೆ, ಹಳೆಯದು ಹೋಯಿತು ಹೊಸದು ಬಂದಿತೆಂದು ಸಾರಿ ನಡೆಯತಕ್ಕದ್ದು. ಕಾರ್ಖಾನೆಯು ಎಂದೂ ಮಾಡದಿದ್ದ ಬಣ್ಣಗಳನ್ನು ಬಳಿದ ಡಯಲುಗಳನ್ನು ಹಳೆಯ ಎಚ್‌ಎಂಟಿಗಳಿಗೆ ತೊಡಿಸಿ, ಮೂಲದ್ದೇ ಎಂದು ಮಾರುವ ವ್ಯಾಪಾರದಲ್ಲಿ ಇಲ್ಲದಿರುವುದು ಈ ಸಾರುವಿಕೆಯೇ. ಅಲ್ಲಿನ ದೋಷ ಬಣ್ಣದಲ್ಲಿಲ್ಲ, ಮೌನದಲ್ಲಿದೆ.

ಗಡಿಯಾರವು ಶಾಸನದಂತೆ ಕೇವಲ ಸಾಕ್ಷಿಯೂ ಅಲ್ಲ, ಮೂರ್ತಿಯಂತೆ ಆರಾಧ್ಯವೂ ಅಲ್ಲ. ಅದು ತಂದೆಯ ನೆನಪೂ ಹೌದು, ವೇಳೆ ನೋಡುವ ಉಪಕರಣವೂ ಹೌದು. ಹೊಸದುರ್ಗದ ಕಡೆಯ ರೈತನೊಬ್ಬನು ತಂದೆಯ ಗಡಿಯಾರವನ್ನೇ ಕಟ್ಟಿಕೊಂಡು ಬೆಳಗಿನ ಬಸ್ಸಿನ ವೇಳೆಯನ್ನು ಅದರಲ್ಲಿಯೇ ನೋಡಬಯಸಿದರೆ, ಅಂಕೆಗಳಿಲ್ಲದ ಡಯಲಿನಿಂದ ಅವನಿಗೆ ಪ್ರಯೋಜನವೇನು? ಅವನಿಗೆ ಬರೆಸಬೇಡವೆನ್ನುವ ಅಧಿಕಾರ ನನಗಿಲ್ಲ. ಬರೆಸುವ ರೀತಿಯೊಂದರ ವಿಷಯದಲ್ಲಿ ಮಾತ್ರ ನನಗೆ ದೃಢವಾದ ಅಭಿಪ್ರಾಯವುಂಟು. ಹಳೆಯ ಡಯಲನ್ನು ಕೆರೆದು ಅದರ ಮೇಲೆಯೇ ಬಣ್ಣ ಬಳಿಯದೆ, ಇನ್ನೊಂದು ಕೆಟ್ಟ ಗಡಿಯಾರದ ತಗಡನ್ನು ತೆಗೆದುಕೊಂಡು ಬರೆಸಲಿ. ಮೂಲ ಡಯಲನ್ನು ಕಾಗದದಲ್ಲಿ ಸುತ್ತಿ ಒಡೆಯನಿಗೆ ಹಿಂದಿರುಗಿಸಲಿ. ರಿಪೇರಿಯವರು ಗಡಿಯಾರದ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ತಾವು ಕೆಲಸ ಮಾಡಿದ ತಾರೀಕನ್ನೋ ಗುರುತನ್ನೋ ಸೂಜಿಮೊನೆಯಿಂದ ಗೀರುವ ಹಳೆಯ ವಾಡಿಕೆಯೊಂದುಂಟು. ಆ ಗೀರಿನ ಪಕ್ಕದಲ್ಲಿ, ಡಯಲು ಹೊಸದೆಂದು ಇನ್ನೊಂದು ಮಾತನ್ನು ಸೇರಿಸಲಿ. ಮುಂದೆ ಮೊಮ್ಮಗನು ಅದನ್ನು ಇನ್ನಾವ ಪೇಟೆಯಲ್ಲಿ ತೆರೆಸಿದರೂ, ಅಜ್ಜನ ಕಾಲದ್ದೆಷ್ಟು, ಆಮೇಲೆ ಬರೆದದ್ದೆಷ್ಟು ಎಂಬುದು ಅವನಿಗೆ ತಿಳಿಯುತ್ತದೆ.