ಜೊತೆಗಾರನ ಕಣ್ಣು

ವಾದ್ಯತಂಡದಲ್ಲಿ ಡ್ರಮ್ ಬಾರಿಸುವವನ ಜಾಗ ಎಲ್ಲರಿಗಿಂತ ಹಿಂದೆ. ಹಾಡುವವನೂ ಗಿಟಾರ್ ನುಡಿಸುವವನೂ ಸಭೆಗೆ ಎದುರಾಗಿ ನಿಲ್ಲುತ್ತಾರೆ. ಪ್ರೇಕ್ಷಕರಿಗೆ ಕಾಣುವುದು ಅವರ ಮುಖ. ಹಿಂದೆ ಕುಳಿತವನಿಗೆ ಕಾಣುವುದು ಅವರ ಬೆನ್ನು, ಆ ಬೆನ್ನುಗಳಾಚೆ ಸಾವಿರಾರು ಜನರ ಮುಖಗಳು. ಖ್ಯಾತನಾಮರನ್ನು ಇಷ್ಟು ಹತ್ತಿರದಿಂದ, ಅದೂ ಹಿಂದಿನಿಂದ ನೋಡುವ ಅವಕಾಶ ಬೇರೆಯವರಿಗೆ ಸಿಗುವುದಿಲ್ಲ. ಇಂತಹ ಜಾಗದಲ್ಲಿರುವವನ ಕೈಗೆ ಒಂದು ಕ್ಯಾಮೆರಾ ಬಂದರೆ ಏನಾಗುತ್ತದೆ? ಅವನು ಸೆರೆಹಿಡಿದ ದೃಶ್ಯಗಳು ಯಾರಿಗೆ ಸೇರಿದವು?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. 'ದಿ ಪೊಲೀಸ್' ಎಂಬ ಹೆಸರಿನ ರಾಕ್ ಸಂಗೀತ ತಂಡವೊಂದು 1977ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವನು ಡ್ರಮ್ ವಾದಕ ಸ್ಟೀವರ್ಟ್ ಕೋಪ್‌ಲ್ಯಾಂಡ್. ಜಗತ್ತು ನೆನಪಿಟ್ಟದ್ದು ಮಾತ್ರ ಹಾಡುಗಾರ ಸ್ಟಿಂಗ್‌ನ ಹೆಸರನ್ನು. ಗಿಟಾರ್ ನುಡಿಸುತ್ತಿದ್ದ ಆಂಡಿ ಸಮ್ಮರ್ಸ್ ಮೂರನೆಯವನು. 1978ರಲ್ಲಿ ಕೋಪ್‌ಲ್ಯಾಂಡ್ ಒಂದು ಸೂಪರ್ 8 ಕ್ಯಾಮೆರಾ ಕೊಂಡ. ಕೊಡಕ್ ಕಂಪೆನಿ 1965ರಲ್ಲಿ ಮಾರುಕಟ್ಟೆಗೆ ತಂದ, ಮನೆಮಂದಿ ಹುಟ್ಟುಹಬ್ಬ, ಪ್ರವಾಸಗಳನ್ನು ಚಿತ್ರಿಸಿಕೊಳ್ಳಲು ಬಳಸುತ್ತಿದ್ದ ಬಗೆಯ ಕ್ಯಾಮೆರಾ ಅದು. ಅಲ್ಲಿಂದ ಮುಂದೆ ತಂಡ ಹೋದಲ್ಲೆಲ್ಲ ಕ್ಯಾಮೆರಾವೂ ಹೋಯಿತು. ವ್ಯಾನಿನಲ್ಲಿ, ಹೋಟೆಲ್ ಕೋಣೆಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ, ಕೊನೆಗೆ ವೇದಿಕೆಯ ಮೇಲೂ ಅವನು ಚಿತ್ರೀಕರಿಸಿದ. ಹತ್ತಾರು ಗಂಟೆಗಳಷ್ಟಾದ ಆ ತುಣುಕುಗಳಿಂದ, ತನ್ನದೇ ನಿರೂಪಣೆ ಸೇರಿಸಿ ಅವನು ತಯಾರಿಸಿದ 'ಎವ್ರಿವನ್ ಸ್ಟೇರ್ಸ್' ಎಂಬ ಸಾಕ್ಷ್ಯಚಿತ್ರ 2006ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. 'ಎಲ್ಲರೂ ದಿಟ್ಟಿಸುತ್ತಾರೆ' ಎಂಬುದು ಆ ಹೆಸರಿನ ಅರ್ಥ. 1979ರಲ್ಲಿ ಹೊರಬಂದ, ಅವನೇ ಬರೆದ ಹಾಡೊಂದರ ಶೀರ್ಷಿಕೆಯಿಂದ ಅದು ಬಂದಿದೆ.

ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಇಲ್ಲಿ ಚರ್ಚೆ ಅದರದಲ್ಲ. ನಮ್ಮ ಪ್ರಶ್ನೆ ನೋಟದ್ದು, ನಂಬಿಕೆಯದು.

ಈ ತಂಡದ ಬದುಕು ಬದಲಾದ ವೇಗ ಅಚ್ಚರಿಯದು. 1978ರ ಅಕ್ಟೋಬರ್‌ನಲ್ಲಿ ಮೂವರೂ ಅಗ್ಗದ ಟಿಕೆಟಿನ ಲೇಕರ್ ವಿಮಾನದಲ್ಲಿ ಅಮೆರಿಕಕ್ಕೆ ಹೋಗಿ, ಸಣ್ಣಪುಟ್ಟ ಕ್ಲಬ್ಬುಗಳಲ್ಲಿ, ಕೆಲವೆಡೆ ಬೆರಳೆಣಿಕೆಯ ಜನರ ಮುಂದೆ ನುಡಿಸಿದರು. 1983ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಅವರನ್ನು ಕೇಳಲು ಸುಮಾರು 70,000 ಮಂದಿ ಸೇರಿದ್ದರು. ನಡುವೆ ಕೇವಲ ಐದು ವರ್ಷ. 1980ರ ವಿಶ್ವಪ್ರವಾಸದಲ್ಲಿ ಅವರು ಜಪಾನ್, ಹಾಂಗ್‌ಕಾಂಗ್, ಈಜಿಪ್ಟ್, ಗ್ರೀಸ್‌ಗಳ ಜೊತೆಗೆ ಭಾರತಕ್ಕೂ ಬಂದು, ಮಾರ್ಚ್ ತಿಂಗಳಲ್ಲಿ ಮುಂಬಯಿಯ ರಂಗಭವನದಲ್ಲಿ ಕಾರ್ಯಕ್ರಮ ಕೊಟ್ಟಿದ್ದರು. ಆ ಪ್ರವಾಸವನ್ನು ಚಿತ್ರೀಕರಿಸಲು ವೃತ್ತಿಪರರ ತಂಡವೇ ಜೊತೆಗಿತ್ತು. ಅವರು ತೆಗೆದ ಅಧಿಕೃತ ಚಿತ್ರ 1982ರಲ್ಲಿ ಕ್ಯಾಸೆಟ್ ರೂಪದಲ್ಲಿ ಬಂತು, 2022ರಲ್ಲಿ ಪರಿಷ್ಕೃತಗೊಂಡು ಮತ್ತೆ ಬಂತು.

ಅಧಿಕೃತ ಚಿತ್ರಕ್ಕೂ ಡ್ರಮ್ ವಾದಕನ ತುಣುಕುಗಳಿಗೂ ಇರುವ ಅಂತರ ದೊಡ್ಡದು. ವೃತ್ತಿಪರ ಕ್ಯಾಮೆರಾ ಬಂದಾಗ ಮನುಷ್ಯ ತಲೆ ಬಾಚಿಕೊಳ್ಳುತ್ತಾನೆ, ಮಾತನ್ನು ಅಳೆಯುತ್ತಾನೆ. ಜೊತೆಗಾರನ ಕ್ಯಾಮೆರಾ ಬಂದಾಗ ಮುಖ ಸೊಟ್ಟ ಮಾಡಿ ನಗುತ್ತಾನೆ, ಇಲ್ಲವೇ ಗಮನಿಸದೆ ನಿದ್ದೆ ಮುಂದುವರಿಸುತ್ತಾನೆ. ಮೊದಲನೆಯದರ ಮುಂದೆ ಅವನು ಜಗತ್ತಿನೆದುರು ನಿಂತಿದ್ದಾನೆ. ಎರಡನೆಯದರ ಮುಂದೆ ಗೆಳೆಯನೆದುರು ಇದ್ದಾನೆ. ಇಂತಹ ತುಣುಕುಗಳಿಗೆ ಬೆಲೆ ಬರುವುದು ಈ ನಂಬಿಕೆಯಿಂದಲೇ. ಅವು ಕೆಡುವ ಅಪಾಯವಿರುವುದೂ ಇಲ್ಲಿಯೇ.

ಚಿತ್ರ ತೆಗೆದವನೇ ಅದರ ಒಡೆಯ ಎಂದು ಕಾನೂನು ಸಾಮಾನ್ಯವಾಗಿ ಹೇಳುತ್ತದೆ. ಆದರೆ ನೀತಿಯ ಲೆಕ್ಕ ಅಷ್ಟು ಸರಳವಲ್ಲ. ಒಂದು ವಸ್ತುವಿನ ಚಿತ್ರ ತೆಗೆಯುವುದೆಂದರೆ ಅದನ್ನು ವಶಪಡಿಸಿಕೊಳ್ಳುವ ಒಂದು ರೀತಿ ಎಂದು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1977ರಲ್ಲಿ ಪ್ರಕಟವಾದ ಛಾಯಾಗ್ರಹಣದ ಕುರಿತ ತಮ್ಮ ಕೃತಿಯಲ್ಲಿ ವಾದಿಸಿದ್ದರು. ಆ ವಾದವನ್ನು ಪೂರ್ತಿ ಒಪ್ಪದಿದ್ದರೂ ಒಂದು ಮಾತು ನಿಜ. ಮೂವರು ಕೂಡಿ ಬದುಕಿದ ಒಂದು ಗಳಿಗೆಯ ದಾಖಲೆ ಒಬ್ಬನ ಪೆಟ್ಟಿಗೆ ಸೇರಿದಾಗ, ಉಳಿದಿಬ್ಬರ ಬದುಕಿನ ಒಂದು ಭಾಗ ಅವರ ಕೈತಪ್ಪಿರುತ್ತದೆ.

ಕೋಪ್‌ಲ್ಯಾಂಡ್‌ನ ವಿಚಾರದಲ್ಲಿ ಇನ್ನೊಂದು ವಿಚಿತ್ರ ಹಿನ್ನೆಲೆಯಿದೆ. ಅವನು ಹುಟ್ಟಿದ್ದು ಅಮೆರಿಕದಲ್ಲಾದರೂ ಬೆಳೆದದ್ದು ಕೈರೋದಲ್ಲಿ, ಬೈರೂತ್‌ನಲ್ಲಿ. ಅರಬ್ ತಾಳಗಳ ಪ್ರಭಾವ ತನ್ನ ವಾದನದ ಮೇಲಿದೆಯೆಂದು ಅವನು ಹೇಳಿದ್ದುಂಟು. ತಾಯಿ ಪುರಾತತ್ವ ಸಂಶೋಧಕಿ. ತಂದೆ ಮೈಲ್ಸ್ ಕೋಪ್‌ಲ್ಯಾಂಡ್ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯ ಆರಂಭಕಾಲದ ಅಧಿಕಾರಿ. 1949ರ ಸಿರಿಯಾದ ಕ್ಷಿಪ್ರಕ್ರಾಂತಿಯೂ ಸೇರಿದಂತೆ ಪಶ್ಚಿಮ ಏಷ್ಯಾದಲ್ಲಿ ಅಮೆರಿಕ ನಡೆಸಿದ ಆಟಗಳ ಬಗ್ಗೆ ಆತನೇ 1969ರಲ್ಲಿ ಪುಸ್ತಕ ಬರೆದ. ತಂದೆಯ ನಿಜವಾದ ಕೆಲಸ ಮಕ್ಕಳಿಗೆ ತಿಳಿದದ್ದು ತಡವಾಗಿ. ಅದರ ಬಗ್ಗೆ ಮಗ 2020ರಲ್ಲಿ ಒಂದು ಧ್ವನಿಸರಣಿಯನ್ನೇ ಮಾಡಿದ. ತಂದೆ ಇತರರನ್ನು ಗುಟ್ಟಾಗಿ ನೋಡುವುದನ್ನೇ ವೃತ್ತಿ ಮಾಡಿಕೊಂಡಿದ್ದ. ಮಗ ಗೆಳೆಯರನ್ನು ಅವರ ಕಣ್ಣೆದುರೇ ಚಿತ್ರಿಸಿದ. ಈ ಎರಡು ನೋಟಗಳನ್ನು ಬೇರ್ಪಡಿಸುವುದೇನು?

ಮೊದಲು ಹೊಳೆಯುವ ಉತ್ತರ, ಗೆಳೆಯರಿಗೆ ಕ್ಯಾಮೆರಾ ಇರುವುದು ಗೊತ್ತಿತ್ತು ಎಂಬುದು. ಇದು ಸರಿ, ಆದರೆ ಸಾಲದು. ಕ್ಯಾಮೆರಾ ಇದೆಯೆಂದು ತಿಳಿದಿರುವುದು ಬೇರೆ, ಇಪ್ಪತ್ತೈದು ವರ್ಷಗಳ ನಂತರ ಅಪರಿಚಿತರು ತುಂಬಿದ ಸಭಾಂಗಣದಲ್ಲಿ ಅದನ್ನು ತೋರಿಸಬಹುದೆಂದು ಒಪ್ಪುವುದು ಬೇರೆ.

ನೋಟದ ಬಗ್ಗೆ ಇಸ್ಲಾಮ್ ಬಹಳ ಸೂಕ್ಷ್ಮವಾದ ನಿಲುವನ್ನು ತಳೆದಿದೆ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ, ಇತರರ ಗುಟ್ಟುಗಳನ್ನು ಕೆದಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಆಡಿದ ಮಾತು ನಿಜವೇ ಆಗಿದ್ದರೆ? ನಿಜವಾಗಿದ್ದರೇ ಅದು ಗೀಬತ್, ಸುಳ್ಳಾಗಿದ್ದರೆ ಅದು ಇನ್ನೂ ದೊಡ್ಡ ಪಾಪವಾದ ಅಪವಾದ ಎಂದು ಪ್ರವಾದಿಯವರು(ಸ) ವಿವರಿಸಿದ್ದಾರೆ. ಅಂದರೆ 'ನಾನು ಹೇಳಿದ್ದು ಸತ್ಯ' ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ವಾದಿಸುವವರು ಈ ಮಾತನ್ನು ಯೋಚಿಸಬೇಕು.

ಖಲೀಫಾ ಉಮರ್(ರ) ಅವರ ಬಗ್ಗೆ ಒಂದು ಪ್ರಸಿದ್ಧ ಪ್ರಸಂಗವಿದೆ. ಮದೀನಾದಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯಿಂದ ಹಾಡಿನ ಸದ್ದು ಕೇಳಿತು. ಗೋಡೆ ಹತ್ತಿ ಇಳಿದು ನೋಡಿದರೆ ಒಬ್ಬ ಮದ್ಯದೊಂದಿಗೆ ಕುಳಿತಿದ್ದ. ಗದರಿಸಿದಾಗ ಅವನು ಉತ್ತರಿಸಿದ: ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು. ಗುಟ್ಟು ಕೆದಕಬೇಡಿ ಎಂದಿದೆ, ಕೆದಕಿದಿರಿ. ಬಾಗಿಲಿನಿಂದ ಬನ್ನಿ ಎಂದಿದೆ, ಗೋಡೆ ಹತ್ತಿದಿರಿ. ಅನುಮತಿ ಕೇಳಿ, ಸಲಾಮ್ ಹೇಳಿ ಒಳಬನ್ನಿ ಎಂದಿದೆ, ಅದನ್ನೂ ಮಾಡಲಿಲ್ಲ. ಉಮರ್(ರ) ಅವನನ್ನು ಬಿಟ್ಟು ಹೊರಟರು. ನೋಡಬಾರದ ರೀತಿಯಲ್ಲಿ ನೋಡಿದ್ದರಿಂದ ದೊರೆಗೂ ಆ ಸತ್ಯದ ಮೇಲೆ ಹಕ್ಕಿರಲಿಲ್ಲ.

ಗೋಡೆ ಹತ್ತಿದವನ ವಿಷಯ ಇದಾಯಿತು. ಬಾಗಿಲಿನಿಂದಲೇ, ಕರೆದ ಮೇಲೆಯೇ ಒಳಬಂದವನದೇನು? ಇಮಾಮ್ ಗಝ್ಝಾಲಿಯವರು 'ಇಹ್ಯಾ ಉಲೂಮುದ್ದೀನ್'ನಲ್ಲಿ ಸ್ನೇಹದ ಹಕ್ಕುಬಾಧ್ಯತೆಗಳನ್ನು ವಿವರಿಸುವಾಗ ಗೆಳೆಯನ ಕೊರತೆಗಳ ಬಗ್ಗೆ, ಅವನು ನಂಬಿ ತಿಳಿಸಿದ ವಿಷಯಗಳ ಬಗ್ಗೆ ಮೌನವಾಗಿರುವುದನ್ನೂ ಒಂದು ಬಾಧ್ಯತೆಯಾಗಿ ಸೇರಿಸಿದ್ದಾರೆ. ಒಟ್ಟಿಗೆ ಕುಳಿತ ಕೂಟದ ಮಾತುಗಳು ಅಮಾನತ್, ಅಂದರೆ ನಂಬಿ ಇಟ್ಟ ಒತ್ತೆ ಎಂಬ ಅರ್ಥದ ಹದೀಸ್ ಕೂಡ ಇದೆ. ಒತ್ತೆಯ ವಸ್ತು ನಮ್ಮ ಮನೆಯಲ್ಲಿರುತ್ತದೆ, ನಮ್ಮ ಬೀಗದ ಒಳಗಿರುತ್ತದೆ. ಆದರೂ ಅದು ನಮ್ಮದಲ್ಲ. ಡ್ರಮ್ ವಾದಕನ ಪೆಟ್ಟಿಗೆಯಲ್ಲಿದ್ದ ಫಿಲ್ಮುಗಳ ಸ್ಥಿತಿ ಇದೇ ಎಂದು ನಮಗನಿಸುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಕೋಪ್‌ಲ್ಯಾಂಡ್ ನಂಬಿಕೆಗೆ ದ್ರೋಹ ಬಗೆದನೇ? ಇಲ್ಲವೆಂದೇ ಹೇಳಬೇಕು. ತಂಡದ ಕೊನೆಯ ದೊಡ್ಡ ಪ್ರವಾಸ 1984ರ ಮಾರ್ಚ್‌ನಲ್ಲಿ ಮುಗಿದು ಅದು ಚದುರಿತು. ಅವನಿಗೂ ಸ್ಟಿಂಗ್‌ಗೂ ಇದ್ದ ಜಗಳ ಜಗಜ್ಜಾಹೀರಾಗಿತ್ತು. ಆ ಬಿಸಿಯಲ್ಲೇ ಅವನು ಫಿಲ್ಮುಗಳನ್ನು ಹೊರತೆಗೆದಿದ್ದರೆ ಅವು ಸೇಡಿನ ಅಸ್ತ್ರಗಳಾಗಬಹುದಿತ್ತು, ಒಳ್ಳೆಯ ಬೆಲೆಯೂ ಸಿಗುತ್ತಿತ್ತು. ಅವನು ಎರಡು ದಶಕ ಕಾಯ್ದ. ಹೊರತೆಗೆದಾಗಲೂ ನಿರೂಪಣೆಯಲ್ಲಿ ನಗೆಯಾಡಿದ್ದು ತನ್ನನ್ನೂ ಸೇರಿಸಿಕೊಂಡು. ಮೂವರ ನಡುವಿನ ದೊಡ್ಡ ಜಗಳಗಳು ಚಿತ್ರದಲ್ಲಿ ಹೆಚ್ಚು ಕಾಣುವುದಿಲ್ಲ. ಕಾರಣ ಸಂಯಮವೇ ಇರಬಹುದು. ಜಗಳವಾಡುವವನ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ ಎಂಬ ಸರಳ ಸಂಗತಿಯೂ ಇರಬಹುದು. 2007ರಲ್ಲಿ ಈ ಮೂವರು ಮತ್ತೆ ಒಂದೇ ವೇದಿಕೆ ಏರಿ ಮರುವರ್ಷದವರೆಗೂ ಜಗತ್ತು ಸುತ್ತಿದರು. ಚಿತ್ರದಿಂದ ಸ್ನೇಹ ಮುರಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಖ್ಯಾತನಾಮರಿಗೆ ಖಾಸಗಿತನವೆಲ್ಲಿಯದು, ಮುಖ ತೋರಿಸಿಯೇ ಅಲ್ಲವೇ ಹಣ ಮಾಡಿದ್ದು ಎಂದು ಕೆಲವರು ಕೇಳಬಹುದು. ಹಾಡನ್ನು ಮಾರಿದವನು ತನ್ನ ನಿದ್ದೆಯನ್ನು ಮಾರಿರುವುದಿಲ್ಲ. ಟಿಕೆಟ್ ಕೊಂಡವನಿಗೆ ವೇದಿಕೆಯ ಮೇಲೆ ಹಕ್ಕು, ಹಿಂದಿನ ಕೋಣೆಯ ಮೇಲಲ್ಲ.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಸ್ಟಿಂಗ್‌ನಂತಹವರಿಗೆ ಆಕ್ಷೇಪಿಸುವ ಶಕ್ತಿಯಿದೆ, ವಕೀಲರಿದ್ದಾರೆ. ಇಂತಹ ತುಣುಕುಗಳಲ್ಲಿ ಹಾದುಹೋಗುವ ಉಳಿದ ಮುಖಗಳಿಗೆ ಯಾರಿದ್ದಾರೆ? ಇನ್ನೊಬ್ಬ ಡ್ರಮ್ ವಾದಕ, ಬೀಟಲ್ಸ್ ತಂಡದ ರಿಂಗೊ ಸ್ಟಾರ್, 1964ರ ಅಮೆರಿಕ ಪ್ರವಾಸದಲ್ಲಿ ತಾನು ಕುಳಿತಿದ್ದ ಕಾರಿನಿಂದ ಪಕ್ಕದ ಕಾರಿನ ಹದಿಹರೆಯದವರ ಫೋಟೋ ತೆಗೆದಿದ್ದ. ಅದನ್ನು ಅವನು ಪ್ರಕಟಿಸಿದ ಮೇಲೆ, ಸುಮಾರು ಅರ್ಧ ಶತಮಾನದ ಬಳಿಕ, 2013ರಲ್ಲಿ ಅವರ ಗುರುತು ಪತ್ತೆಯಾಯಿತು. ಅಂದು ಅವರು ಶಾಲೆಗೆ ಚಕ್ಕರ್ ಹೊಡೆದು ಬೀಟಲ್ಸ್ ನೋಡಲು ಹೋಗಿದ್ದವರು! ವೃದ್ಧಾಪ್ಯದ ಹೊಸ್ತಿಲಲ್ಲಿ ಈ ಚಿತ್ರ ಕಂಡು ಅವರು ಸಂತೋಷಪಟ್ಟರು. ಕಥೆ ಚೆನ್ನಾಗಿದೆ. ಆದರೆ ಆಮೇಲೆ ಆದ ಸಂತೋಷ ಮೊದಲೇ ಪಡೆದ ಅನುಮತಿಯಾಗುವುದಿಲ್ಲ. ಎಲ್ಲೋ ಒಂದು ಗುಂಪಿನಲ್ಲಿ, ಮನೆಯವರಿಗೆ ಹೇಳದೆ ಬಂದ ಹುಡುಗಿಯೊಬ್ಬಳು ಸೆರೆಯಾಗಿದ್ದರೆ? ಸಂತೋಷಪಟ್ಟವರು ಪತ್ರಿಕೆಗಳಿಗೆ ಮಾತನಾಡುತ್ತಾರೆ. ನೊಂದವರು ಸುಮ್ಮನಿರುತ್ತಾರೆ, ಅವರ ಲೆಕ್ಕ ಯಾರಲ್ಲೂ ಇರುವುದಿಲ್ಲ.

ಪ್ರೀತಿಯ ನೋಟಕ್ಕೂ ಕಾವಲಿನ ನೋಟಕ್ಕೂ ಇರುವ ಗೆರೆ ಎಷ್ಟು ತೆಳುವೆಂಬುದಕ್ಕೆ ಇದೇ ತಂಡದ ಹಾಡೊಂದು ಉದಾಹರಣೆ. 1983ರಲ್ಲಿ ಬಂದ 'ಎವ್ರಿ ಬ್ರೆತ್ ಯು ಟೇಕ್' ಹಾಡನ್ನು ಪ್ರೇಮಗೀತೆಯೆಂದು ತಿಳಿದು ಅದೆಷ್ಟೋ ಜನ ಮದುವೆಗಳಲ್ಲಿ ಹಾಕಿಸಿದರು. ಅದು ಬೆನ್ನು ಬಿಡದೆ ಕಾಯುವ, ಹಿಡಿತದಲ್ಲಿಟ್ಟುಕೊಳ್ಳಬಯಸುವ ಮನಸ್ಸಿನ ಕರಾಳ ಹಾಡೆಂದು ಬರೆದ ಸ್ಟಿಂಗ್‌ನೇ ಹೇಳಬೇಕಾಯಿತು. 'ಪ್ರೀತಿಯಿಂದಲೇ ತೆಗೆದದ್ದು' ಎನ್ನುವವರೂ ತಮ್ಮ ನೋಟವನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇದೆಲ್ಲ ದೂರದ ಖ್ಯಾತನಾಮರ ಕಥೆಯಾಗಿ ಉಳಿದಿಲ್ಲ. ಸೂಪರ್ 8 ಫಿಲ್ಮಿನ ಒಂದು ಸುರುಳಿ ಕೇವಲ ಐವತ್ತು ಅಡಿ, ಓಡುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಪ್ರತಿ ಸುರುಳಿಗೂ ಹಣ, ತೊಳೆಸಲು ಮತ್ತೆ ಹಣ, ನೋಡಲು ಪ್ರೊಜೆಕ್ಟರ್. ಹಾಗಾಗಿ ಗುಂಡಿ ಒತ್ತುವ ಮೊದಲು ಒಂದು ಯೋಚನೆ, ತೋರಿಸುವ ಮೊದಲು ಇನ್ನೊಂದು ಯೋಚನೆಗೆ ಅವಕಾಶವಿತ್ತು. ತೆಗೆದದ್ದಕ್ಕೂ ತೋರಿಸಿದ್ದಕ್ಕೂ ನಡುವಿನ ಆ ವರ್ಷಗಳಲ್ಲಿ ಸಿಟ್ಟು ಆರುತ್ತಿತ್ತು, ವಿವೇಕ ಬಲಿಯುತ್ತಿತ್ತು. ನಮ್ಮ ಕೈಯಲ್ಲಿರುವ ಮೊಬೈಲ್‌ಗೆ ಸುರುಳಿಯ ಮಿತಿಯಿಲ್ಲ, ಖರ್ಚಿಲ್ಲ. ತೆಗೆದ ಮರುಕ್ಷಣವೇ ಸಾವಿರ ಜನರಿಗೆ ತಲುಪುತ್ತದೆ. ಮದುವೆ ಮನೆಯಲ್ಲಿ ಹೆಂಗಸರ ಕೋಣೆಯ ನಗು, ಆಸ್ಪತ್ರೆಯ ಹಾಸಿಗೆಯಲ್ಲಿ ನರಳುವ ಹಿರಿಯರು, ಕಅಬಾದ ಮುಂದೆ ಅಳುತ್ತಾ ಕೈಯೆತ್ತಿದ ಅಪರಿಚಿತ ಯಾತ್ರಿಕ, ಕೊನೆಗೆ ಕಫನ್ ಹೊದಿಸಿದ ಮಯ್ಯಿತ್‌ನ ಮುಖವೂ ಗುಂಪಿನಿಂದ ಗುಂಪಿಗೆ ದಾಟುತ್ತಿರುತ್ತದೆ. ಕಳುಹಿಸಿದವರಲ್ಲಿ ಹೆಚ್ಚಿನವರಿಗೆ ದುರುದ್ದೇಶವಿರುವುದಿಲ್ಲ. ನಾವು ಹತ್ತಿರದವರು, ನಮಗೆ ಹಕ್ಕಿದೆ ಎಂಬ ಭಾವನೆ ಮಾತ್ರ.

ಹತ್ತಿರವಿರುವುದು ಹಕ್ಕಿಗಿಂತ ಹೆಚ್ಚಾಗಿ ಹೊಣೆ. ಮೃತದೇಹಕ್ಕೆ ಸ್ನಾನ ಮಾಡಿಸುವವರ ಬಗ್ಗೆ ನಮ್ಮಲ್ಲಿರುವ ಶಿಸ್ತನ್ನೇ ನೋಡಿ. ಎಲ್ಲರೂ ಹೊರಗೆ ನಿಂತಿರುವಾಗ ಒಳಗೆ ಹೋಗಲು ಅವರಿಗೆ ಮಾತ್ರ ಅನುಮತಿ. ಬೇರೆ ಯಾರೂ ಕಾಣದ್ದನ್ನು ಅವರು ಕಾಣುತ್ತಾರೆ. ಆದ್ದರಿಂದಲೇ ಕಂಡ ಕೊರತೆಯನ್ನು ಮುಚ್ಚಿಡುವ ಕರ್ತವ್ಯವೂ ಅವರ ಮೇಲೆಯೇ ಹೆಚ್ಚು. ಹಾಗೆ ಮುಚ್ಚಿಟ್ಟವರಿಗೆ ಕ್ಷಮೆಯ ಶುಭವಾರ್ತೆಯಿದೆ. ವೇದಿಕೆಯ ಹಿಂದೆ ಕುಳಿತ ಡ್ರಮ್ ವಾದಕ, ಹಾಸಿಗೆಯ ಪಕ್ಕ ಕುಳಿತ ಮಗ, ಮದುಮಗಳ ಕೋಣೆಯಲ್ಲಿ ಕುಳಿತ ಗೆಳತಿ, ಇವರೆಲ್ಲರ ಕಣ್ಣುಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಹಾಗೆಂದು ಚಿತ್ರಗಳೇ ಬೇಡವೆಂದು ನಾವು ಹೇಳುತ್ತಿಲ್ಲ. ಕೋಪ್‌ಲ್ಯಾಂಡ್ ಕ್ಯಾಮೆರಾ ಕೊಳ್ಳದಿದ್ದರೆ ಮೂವರು ಯುವಕರ ಒಂದು ಕಾಲ ಅವರಿಗೇ ಮರೆತುಹೋಗುತ್ತಿತ್ತು. ನೆನಪನ್ನು ಕಾಯುವುದೂ ಸ್ನೇಹದ ಕೆಲಸವೇ. ಆದರೆ ತೋರಿಸುವ ಮುನ್ನ ಚಿತ್ರದಲ್ಲಿರುವವರು ನಮ್ಮ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಾರೆಂದು ಭಾವಿಸಿ ನೋಡೋಣ. ಅವರ ಮುಖವನ್ನು ಅಳುಕಿಲ್ಲದೆ ನೋಡಲು ನಮಗೆ ಸಾಧ್ಯವಾದರೆ ತೋರಿಸೋಣ. ಸಾಧ್ಯವಾಗದಿದ್ದರೆ ಒತ್ತೆ ಇದ್ದಲ್ಲೇ ಇರಲಿ.