ಮೇಲಕ್ಕೆ ಬೆಳೆಯುವ ಬೇರು

ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿತು. ಪುಸ್ತಕ ಬಂತು, ಪರೀಕ್ಷೆ ಬಂತು. ಮಕ್ಕಳು ಮಾತ್ರ ಬೆಂಚಿನ ಮೇಲೆಯೇ ಉಳಿದರು. ಉಪಾಧ್ಯಾಯರನ್ನು ದೂರುವುದು ಸುಲಭ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿದವನಾದ್ದರಿಂದ ನಮ್ಮವರ ಮಾತನ್ನೂ ಓದುಗರ ಮುಂದಿಡಬೇಕೆನಿಸಿತು.

ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಬೇಡವೆಂದ ಉಪಾಧ್ಯಾಯರನ್ನು ನಾನು ಕಂಡಿಲ್ಲ. ಆದರೆ 'ಬೇಕು' ಎಂದ ಬೆನ್ನಿಗೇ 'ಆದರೆ' ಬರುತ್ತದೆ. ಪಾಠಗಳು ಮುಗಿಯಬೇಕು. ಐವತ್ತು ಮಕ್ಕಳಿಗೆ ಒಬ್ಬರೇ. ರಸ್ತೆ ದಾಟಿಸಬೇಕು, ಲೋಕಲ್ ಗಾಡಿ ಹತ್ತಿಸಬೇಕು. ನನ್ನ ಸಹೋದ್ಯೋಗಿ ಟೀಚರೊಬ್ಬರು ಅಂದರು: "ಸರ್, ಒಂದು ಮಗುವಿನ ಕಾಲು ಜಾರಿದರೆ ಎಲ್ಲರೂ ನನ್ನನ್ನು ಕೇಳುತ್ತಾರೆ. ಹೋಗದೇ ಇದ್ದರೆ ಯಾರೂ ಏನೂ ಕೇಳುವುದಿಲ್ಲ."

ಇದನ್ನು ಹೇಡಿತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಆದರೂ ಪ್ರಶ್ನೆ ಉಳಿಯುತ್ತದೆ: ಕಣ್ಣಿಗೆ ಕಂಡ ಪೆಟ್ಟಿಗೆ ಮಾತ್ರ ನಾವು ಹೊಣೆಯೇ? ಯಾರಿಗೂ ಕಾಣದ ನಷ್ಟಕ್ಕೆ ಹೊಣೆ ಯಾರು?

ನನ್ನದೇ ಒಂದು ತಪ್ಪು ಹೇಳುತ್ತೇನೆ. 'ಬೇರು ಎತ್ತ ಬೆಳೆಯುತ್ತದೆ?' ಎಂಬ ಪ್ರಶ್ನೆಗೆ ಮೀಠಿ ನದಿಯ ದಂಡೆಯ ಝೋಪಡಿಯಿಂದ ಬರುತ್ತಿದ್ದ ಹುಡುಗನೊಬ್ಬ, 'ನಮ್ಮ ಮನೆಯ ಹತ್ತಿರ ಮೇಲಕ್ಕೆ' ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಗೀಟು ಎಳೆದು ಸೊನ್ನೆ ಹಾಕಿದೆ. ಎಷ್ಟೋ ದಿನಗಳ ಮೇಲೆ ಮಾಹೀಮ್ ಕಡೆ ಹೋದಾಗ, ನೀರಿಳಿದ ಹೊತ್ತಿನಲ್ಲಿ ನೋಡಿದೆ: ನಮ್ಮ ಕರಾವಳಿಯವರು ಕಾಂಡ್ಲ ಎನ್ನುವ ಗಿಡಗಳ ಸುತ್ತ ಕೆಸರಿನಿಂದ ಸಾವಿರಾರು ಬೇರುಗಳು ಮೊಳೆಗಳಂತೆ ಮೇಲೆದ್ದಿದ್ದವು. ಆ ಕೆಸರಿನೊಳಗೆ ಗಾಳಿಯಿಲ್ಲ. ಉಸಿರಾಡಲು ಬೇರೇ ಮೇಲೆ ಬರಬೇಕು. ಹುಡುಗ ದಿನವೂ ಕಂಡದ್ದನ್ನೇ ಬರೆದಿದ್ದ. ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ, ಹುಡುಕಿಸಿದೆ, ಸಿಗಲಿಲ್ಲ.

ನಾನು ನಿಂತಿದ್ದ ಜಾಗದ ಪಕ್ಕದಲ್ಲೇ ನಿಸರ್ಗ ಉದ್ಯಾನ, ಮೂವತ್ತೇಳು ಎಕರೆ. ಹಿಂದೆ ಅದು ಊರಿನ ಕಸ ಸುರಿಯುವ ಜಾಗ. ಕಸದ ಮೇಲೆ ಕಾಡು ಬೆಳೆಸಿ 1994ರಲ್ಲಿ ಜನರಿಗೆ ತೆರೆದರು. ಅದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಈ ಸಂಗತಿಯನ್ನು ಆ ಟೀಚರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹೊಣೆ ಹಂಚಿಕೊಳ್ಳುವವರಿದ್ದರೆ ಹೊರಡುತ್ತೇನೆ" ಎಂದರು. ಮನೆಮನೆಗೆ ಚೀಟಿ ಕಳಿಸಿದೆವು. ಶನಿವಾರ ಬೆಳಿಗ್ಗೆ ನಾಲ್ವರು ತಾಯಂದಿರು ಬುತ್ತಿ ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಬಂದಿದ್ದರು. ತಂದೆಯವರಿಗೆ ರಜೆ ಸಿಗಲಿಲ್ಲವಂತೆ.