ಕಾಣದ ನೆಲಕ್ಕೆ ಬರೆದ ನಕ್ಷೆ

ಕ್ಯಾನ್‌ಬೆರಾಕ್ಕೆ ಹೋದವರು ಮೊದಲು ಪಾರ್ಲಿಮೆಂಟಿಗೆ ಓಡಬಾರದು, ಮೌಂಟ್ ಐನ್ಸ್ಲಿ ಹತ್ತಬೇಕು. 843 ಮೀಟರ್ ಎತ್ತರದ ಗುಡ್ಡ. ಯುದ್ಧ ಸ್ಮಾರಕದ ಬೆನ್ನಿಗೇ ಕಾಲುದಾರಿ ಶುರುವಾಗುತ್ತದೆ. ಮಂಡಿನೋವಿನವರಿಗೆ ತುದಿಯವರೆಗೂ ಕಾರಿನ ರಸ್ತೆಯಿದೆ. ಸಂಜೆಯಾದರೆ ಪಕ್ಕದ ಹುಲ್ಲಿನಲ್ಲಿ ಕಾಂಗರೂಗಳು ಮೇಯುತ್ತಿರುತ್ತವೆ. ಒಮ್ಮೆ ಕಿವಿ ನಿಮಿರಿಸಿ ನಮ್ಮನ್ನು ಅಳೆದು, ಇವರಿಂದೇನೂ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಮೇವಿಗೆ ಬಾಗುತ್ತವೆ.

ಮೇಲಿಂದ ಕಾಣುವುದು ಒಂದು ಗೆರೆ. ಕೆಂಪು ಜಲ್ಲಿ ಹಾಸಿದ ಆನ್ಜಾಕ್ ಪೆರೇಡ್ ರಸ್ತೆ ನೇರವಾಗಿ ಇಳಿದು ಸರೋವರದತ್ತ ಹೋಗುತ್ತದೆ. ಆಚೆ ದಡದಲ್ಲಿ ಬೆಳ್ಳಗಿನ ಹಳೇ ಪಾರ್ಲಿಮೆಂಟು, ಅದರ ಹಿಂದೆ ಹುಲ್ಲು ಹೊದ್ದ ದಿಬ್ಬದಲ್ಲಿ ಅರ್ಧ ಹುದುಗಿದ ಹೊಸದು, ಅದರ ನೆತ್ತಿಯ ಮೇಲೆ 81 ಮೀಟರಿನ ಧ್ವಜಸ್ತಂಭ. ಗೆರೆ ಅಲ್ಲಿಗೂ ಮುಗಿಯದೆ ದೂರದ ನೀಲಿ ಸಾಲಿನ ಬಿಂಬೆರಿ ಶಿಖರಕ್ಕೆ ಗುರಿಯಿಟ್ಟಿದೆ. ಬೆಟ್ಟದಿಂದ ಬೆಟ್ಟಕ್ಕೆ ದಾರ ಹಿಡಿದು ರಾಜಧಾನಿ ಕಟ್ಟಿದ್ದಾರೆ.

ದಾರ ಹಿಡಿದವರು ಈ ಬೆಟ್ಟಗಳನ್ನು ಕಂಡೇ ಇರಲಿಲ್ಲ ಎಂಬಲ್ಲಿ ನನ್ನ ಬೆರಗು ಶುರುವಾಗುತ್ತದೆ.

ಸಿಡ್ನಿಗೂ ಮೆಲ್ಬರ್ನಿಗೂ ನಾನು ಹೆಚ್ಚೋ ನೀನು ಹೆಚ್ಚೋ ಎಂಬ ಜಗಳ. ಆಸ್ಟ್ರೇಲಿಯಾದ ಹೊಸ ಒಕ್ಕೂಟದ ಸಂವಿಧಾನ ಅದನ್ನು ಪಂಚಾಯ್ತಿ ಕಟ್ಟೆಯ ಜಾಣತನದಲ್ಲಿ ಬಗೆಹರಿಸಿತು: ರಾಜಧಾನಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ ಇರಲಿ, ಆದರೆ ಸಿಡ್ನಿಗೆ 100 ಮೈಲಿಗಿಂತ ಹತ್ತಿರ ಬೇಡ; ಅದಾಗುವ ತನಕ ಸಂಸತ್ತು ಮೆಲ್ಬರ್ನಿನಲ್ಲಿ ಕೂರಲಿ. 1908ರಲ್ಲಿ ಕುರಿ ಮೇಯುತ್ತಿದ್ದ ಈ ಬಯಲು ಗೊತ್ತಾಯಿತು. 1911ರಲ್ಲಿ ನಕ್ಷೆಗಾಗಿ ಜಗತ್ತಿಗೇ ಸ್ಪರ್ಧೆ ಕರೆದರು. ಉಸ್ತುವಾರಿ ಹೊತ್ತ ಮಂತ್ರಿ ಕಿಂಗ್ ಓಮ್ಯಾಲಿ ಮದ್ಯದ ಕಡುವೈರಿ, ಹೊಸ ಪ್ರದೇಶದಲ್ಲಿ ಹೆಂಡದ ಪರವಾನಗಿಯನ್ನೇ ನಿಲ್ಲಿಸಿದಾತ. ಇವತ್ತು ಊರ ನಡುವೆ ಅವನ ಹೆಸರಿನ ಪಬ್ ಇದೆ!

ನೂರಕ್ಕೂ ಮೀರಿ ಬಂದ ನಕ್ಷೆಗಳಲ್ಲಿ ಗೆದ್ದದ್ದು ಶಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್‌ನದು. ಅದನ್ನು ಕಣ್ಣಿಗೆ ಕಟ್ಟುವಂತೆ ಬಟ್ಟೆಯ ಮೇಲೆ ಚಿತ್ರಿಸಿದವಳು ಹೆಂಡತಿ ಮರಿಯನ್ ಮಹೋನಿ, ಅಮೆರಿಕದಲ್ಲಿ ವಾಸ್ತುಶಿಲ್ಪಿಯ ಪರವಾನಗಿ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬಳು. ಅವರ ಕೈಗೆ ಸಿಕ್ಕಿದ್ದು ಏರುತಗ್ಗಿನ ನಕಾಶೆ, ವರದಿ ಮೊದಲಾದ ಸಾಮಗ್ರಿ. ಆದರೂ ಆಕೆ ಬರೆದ ಚಿತ್ರಗಳಲ್ಲೊಂದು ಇದೇ ಐನ್ಸ್ಲಿ ತುದಿಯಿಂದ ಕಾಣುವ ನೋಟ. ಮಾಗಿದ ಹುಲ್ಲಿನ ಹೊಂಬಣ್ಣ, ಮಬ್ಬಾಗುತ್ತ ಹೋಗುವ ಗುಡ್ಡಗಳು. ಗುಡ್ಡದ ಮೇಲೆ ನಿಂತು ಆ ಚಿತ್ರ ನೆನೆದರೆ ಮೈ ಜುಮ್ಮೆನ್ನುತ್ತದೆ. ಚಿತ್ರದಲ್ಲಿರುವ ಎಷ್ಟೋ ಕಟ್ಟಡಗಳು ಏಳಲೇ ಇಲ್ಲ, ಬೆಟ್ಟಗಳು ಮಾತ್ರ ಅಲ್ಲಲ್ಲೇ ಇವೆ.

ಗ್ರಿಫಿನ್ 1913ರಲ್ಲಿ ಮೊದಲ ಬಾರಿ ಬಂದು ನೆಲ ನೋಡಿದ. ಮುಂದಿನದು ಎಲ್ಲ ಸರ್ಕಾರಿ ಕೆಲಸಗಳ ಕಥೆ: ಅಧಿಕಾರಿಗಳ ಜೊತೆ ಜಟಾಪಟಿ, ನಡುವೆ ಮಹಾಯುದ್ಧ, 1920ರಲ್ಲಿ ಕೈತೊಳೆದುಕೊಂಡು ಹೊರಟ. ಹೊರಟವನನ್ನು ವಿಧಿ ಕೊನೆಗೆ ತಂದು ನಿಲ್ಲಿಸಿದ್ದು ನಮ್ಮ ಲಕ್ನೋದಲ್ಲಿ. 1935ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆ ಬಂದ, ಪಯೋನಿಯರ್ ಪತ್ರಿಕೆಗೂ ಕಟ್ಟಡ ರೂಪಿಸಿದ. 1937ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡು ಅಲ್ಲೇ ಮಣ್ಣಾದ. ಅವನ ನಕ್ಷೆಯ ಸರೋವರಕ್ಕೆ ನೀರು ತುಂಬಿದ್ದು 1964ರಲ್ಲಿ. ಅವನ ಹೆಸರನ್ನೇ ಅದಕ್ಕೆ ಇಟ್ಟರು.

ಕಾಣದ ನೆಲಕ್ಕೆ ಗುರಿಯಿಟ್ಟವರು ಗ್ರಿಫಿನ್ ದಂಪತಿ ಮಾತ್ರವಲ್ಲ. ವಸಂತದಲ್ಲಿ, ಅಂದರೆ ಅಲ್ಲಿನ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಈ ಊರಿನ ಮೇಲೆ ಬೊಗಾಂಗ್ ಪತಂಗಗಳು ಹಾದುಹೋಗುತ್ತವೆ. ಒಣಗಿದ ಎಲೆಯ ಬಣ್ಣ, ರೆಕ್ಕೆಯ ಮೇಲೊಂದು ಕಪ್ಪು ಪಟ್ಟೆ, ಅದರೊಳಗೆ ತಿಳಿ ಚುಕ್ಕೆ. ಬೆರಳ ಮೇಲೆ ಕೂರಿಸಿಕೊಂಡರೆ ಕಂದು ಪುಡಿ ಮೆತ್ತುತ್ತದೆ. ಉತ್ತರದ ಬಯಲುಗಳಲ್ಲಿ ಹುಟ್ಟಿ, ಕೆಲವು 1000 ಕಿಲೋಮೀಟರಿನಷ್ಟು ಹಾರಿ, ಆಸ್ಟ್ರೇಲಿಯನ್ ಆಲ್ಪ್ಸ್‌ನ ತಣ್ಣನೆಯ ಗವಿಗಳಲ್ಲಿ ಬೇಸಿಗೆ ಕಳೆಯುತ್ತವೆ. ಒಂದಕ್ಕೂ ಮೊದಲು ಹೋಗಿ ಗೊತ್ತಿಲ್ಲ. ದಾರಿ ತೋರಲು ಹೆತ್ತವು ಬದುಕಿರುವುದಿಲ್ಲ. ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಹಿಡಿದು ಹೋಗುತ್ತವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹಾಗೆ ಗುರಿ ತಪ್ಪದೆ ಬಂದವು ಪಾರ್ಲಿಮೆಂಟಿನ ದೀಪಗಳಿಗೆ ಮರುಳಾಗಿ ಗೋಡೆಗೆಲ್ಲ ಮೆತ್ತಿಕೊಳ್ಳುತ್ತವೆ. 1988ರಲ್ಲಿ ಹೊಸ ಭವನ ಎದ್ದಾಗ ಈ ದಾರಿಹೋಕರ ಲೆಕ್ಕ ಯಾರಿಗಿತ್ತೋ! ಈಗ ಅವುಗಳ ಸಂತತಿಯೇ ಕುಸಿದಿದೆ.

ನುನ್ನವಲ್ ಮೊದಲಾದ ಇಲ್ಲಿನ ಮೂಲನಿವಾಸಿಗಳಿಗೆ ಮಾತ್ರ ಪತಂಗಗಳ ದಾರಿ ಗೊತ್ತಿತ್ತು. ಬೇಸಿಗೆಯಲ್ಲಿ ಬೇರೆಬೇರೆ ಪಂಗಡಗಳು ಬೆಟ್ಟ ಹತ್ತಿ ಸೇರುತ್ತಿದ್ದವು; ಕೊಬ್ಬಿದ ಪತಂಗಗಳನ್ನು ಸುಟ್ಟು ತಿನ್ನುತ್ತ ನಂಟು, ವ್ಯಾಜ್ಯ, ಆಚರಣೆ ಮುಗಿಸಿಕೊಂಡು ಇಳಿಯುತ್ತಿದ್ದವು. ದೇಶದ ಸಭೆ ಕೂಡುವ ಊರು ಹೇಗಿರಬೇಕೆಂದು ಜಗತ್ತಿಗೆಲ್ಲ ಸ್ಪರ್ಧೆ ಕರೆದವರು ಸಾವಿರಾರು ವರ್ಷ ಇಲ್ಲಿ ಸಭೆ ಕೂಡಿದವರನ್ನು ಒಂದು ಮಾತು ಕೇಳಲಿಲ್ಲ. ನಕ್ಷೆಯ ಚೆಲುವಿಗೆ ನಾನು ಎಷ್ಟೇ ಮಾರುಹೋದರೂ ಈ ಲೋಪವನ್ನು ಅದರಿಂದ ಬೇರ್ಪಡಿಸಲಾರೆ.

1972ರ ಜನವರಿ 26ರಂದು ನಾಲ್ವರು ಮೂಲನಿವಾಸಿ ತರುಣರು ಹಳೇ ಪಾರ್ಲಿಮೆಂಟಿನ ಎದುರಿನ ಹುಲ್ಲಿನ ಮೇಲೆ ಸಮುದ್ರತೀರದ ಕೊಡೆಯೊಂದನ್ನು ನೆಟ್ಟು ಕೂತರು. ನೆಲದ ಒಡೆತನದ ಬದಲು ಗುತ್ತಿಗೆ ಕೊಡುತ್ತೇವೆಂದು ಪ್ರಧಾನಿ ಹೇಳಿದ್ದಕ್ಕೆ ಪ್ರತಿಭಟನೆ. ಸ್ವಂತ ನಾಡಿನಲ್ಲಿ ಪರದೇಶಿಗಳಾದೆವು, ಆದ್ದರಿಂದ ಇದು ನಮ್ಮ ರಾಯಭಾರ ಕಚೇರಿ ಎಂದರು. ಪೊಲೀಸರು ಕಿತ್ತರು, ಅವರು ಮತ್ತೆ ನೆಟ್ಟರು. ಟೆಂಟ್ ಎಂಬೆಸಿ ಎಂದೇ ಹೆಸರಾದ ಅದು ಇಂದಿಗೂ ಅಲ್ಲೇ ಇದೆ. ಗುಡ್ಡ ಇಳಿದ ಮೇಲೆ ಪಾರ್ಲಿಮೆಂಟಿಗೆ ಹೋಗುವಾಗ ಅಲ್ಲಿ ಒಮ್ಮೆ ನಿಲ್ಲಿ. ಫೋಟೋ ತೆಗೆಯುವ ಮುಂಚೆ ಅಲ್ಲಿರುವವರನ್ನು ಕೇಳಿ.